ಸಭೆಯ ನಂತರ ತಾಳಮದ್ದಳೆ

ಸುಬ್ಬಪ್ಪ ಹೇಳಿದ ಸುಳ್ಳು ಬಹಳ ಸಣ್ಣದು. ಅದನ್ನು ಹೇಳುವಾಗ ಬಾಯಲ್ಲಿ ಬಿಸಿ ಗೋಳಿಬಜೆ ಇದ್ದುದರಿಂದ ಹಿಂದೆ ಮುಂದೆ ಯೋಚಿಸುವಷ್ಟು ವ್ಯವಧಾನವೂ ಅವನಿಗಿರಲಿಲ್ಲ.

ಸುಬ್ಬಪ್ಪ ಮೂಡುಬಿದಿರೆಯ ಪುರಸಭೆ ಕಚೇರಿಯಲ್ಲಿ ಗುಮಾಸ್ತ. ಮನೆ ಬಂಟ್ವಾಳದ ಹತ್ತಿರ ನರಿಕೊಂಬಿನಲ್ಲಿ. ಹೆಂಡತಿ ಪ್ರೇಮಾವತಿ ಅಲ್ಲಿಯೇ ಅಂಗನವಾಡಿ ಟೀಚರು, ಮಗಳು ದೀಕ್ಷಿತಾ ಒಂದನೇ ಕ್ಲಾಸು. ವಾರವಿಡೀ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಸಂಜೆ ಬಸ್ಸು ಹಿಡಿಯುವ ಈ ಅಪ್ಪನಿಗೆ ಮಗಳು ಹೋದ ವಾರ ಬೆಲ್ಲ ನೀರು ತಂದಿಟ್ಟಿದ್ದಳು. ಬೆಲ್ಲ ನೀರು ಕೊಡುವುದು ನೆಂಟರಿಗೆ.

ವರ್ಗಾವಣೆ ಕೇಳಿ ಕೇಳಿ ಸೋತವನಿಗೆ ಮಂಗಳೂರಿನ ದೊಡ್ಡ ಸಾಹೇಬರು ಕೊನೆಗೊಂದು ದಾರಿ ತೋರಿಸಿದ್ದರು. ಹವಾಮಾನ ಕೆಡುತ್ತಿದೆ, ಅದಕ್ಕೆ ಸಣ್ಣ ಪಟ್ಟಣಗಳೂ ತಮ್ಮದೇ ಯೋಜನೆ ಮಾಡಬೇಕು, ಊರವರನ್ನು ಕೇಳಿಯೇ ಮಾಡಬೇಕು ಎಂದು ಮೇಲಿನಿಂದ ಹುಕುಂ ಬಂದಿತ್ತು. ಬೇರೆ ಊರುಗಳಲ್ಲಿ ನಡೆದ ಸಭೆಗಳಿಗೆ ಕುರ್ಚಿಗಳು ಮಾತ್ರ ಬಂದಿದ್ದವು.

"ನಿಮ್ಮೂರಲ್ಲಿ ಜನ ಬಂದು ಬಾಯಿ ಬಿಟ್ಟು ಮಾತಾಡ್ಲಿ ಸುಬ್ಬಪ್ಪ, ಅವತ್ತೇ ನಿಮಗೆ ಬಂಟ್ವಾಳದ ಆರ್ಡರು ಕೊಡ್ತೀನಿ," ಎಂದಿದ್ದರು ಸಾಹೇಬರು.

ಸಭೆಯ ದಿನ ಬೆಳಿಗ್ಗೆ ಸುಬ್ಬಪ್ಪ ಚಿನ್ನಯ್ಯನ ಹೋಟೆಲಿನಲ್ಲಿ ಕೂತು ಬಂದವರನ್ನೆಲ್ಲ ಕರೆಯತೊಡಗಿದ. ಚಿನ್ನಯ್ಯ ಹೋಟೆಲಿನ ಯಜಮಾನ. ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಊರಿನ ಎಲ್ಲರ ಸಂಸಾರ ನಡೆಸುವವನು.

"ಹವಾಮಾನವಾ? ಅದು ರೇಡಿಯೋದಲ್ಲಿ ಬರ್ತದಲ್ಲ ಮಾರಾಯ್ರೆ. ಸಭೆ ಎಂತಕ್ಕೆ?" ಎಂದ ಚಿನ್ನಯ್ಯ. "ಆಗಲಿ, ಸಭೆ ಮುಗಿದ ಮೇಲೆ ಎಂತ ಉಂಟು?"

ಈ ಪ್ರಶ್ನೆಯನ್ನು ಹೊರಗಿನವರು ಅರ್ಥ ಮಾಡಿಕೊಳ್ಳಬೇಕು. ನಮ್ಮ ಕಡೆ ಸಭೆ ಎಂದರೆ ನಿಜವಾದ ಕಾರ್ಯಕ್ರಮಕ್ಕೆ ಮೊದಲು ಸಹಿಸಿಕೊಳ್ಳಬೇಕಾದ ಭಾಗ. ದೀಪ ಹಚ್ಚಿ, ಹಾರ ಹಾಕಿ, ಧನ್ಯವಾದ ಹೇಳಿ ವೇದಿಕೆ ಖಾಲಿ ಮಾಡಿದ ಮೇಲೆ ನಾಟಕವೋ ಯಕ್ಷಗಾನವೋ ಇರಲೇಬೇಕು. ಬರೀ ಸಭೆಗೆ ಬನ್ನಿ ಎನ್ನುವುದು ಬರೀ ಉಪ್ಪಿನಕಾಯಿಗೆ ಊಟಕ್ಕೆ ಕರೆದ ಹಾಗೆ.

"ತಾಳಮದ್ದಳೆ ಉಂಟು," ಎಂದುಬಿಟ್ಟ ಸುಬ್ಬಪ್ಪ.

ಚಿನ್ನಯ್ಯನ ಮುಖ ಅರಳಿತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲಿಯೇ ಪಾತ್ರವಾಗಿ ವಾದಕ್ಕೆ ಇಳಿಯುತ್ತಾರೆ. ಮಾತಿನ ಆ ಕುಸ್ತಿ ಎಂದರೆ ಈ ಊರಿನವರು ಹಸಿವು ಮರೆಯುತ್ತಾರೆ.

"ಅರ್ಥಧಾರಿಗಳು ಯಾರು?"

"ಅದು... ಈಗ ಹೇಳುವ ಹಾಗಿಲ್ಲ."

ಹೇಳುವ ಹಾಗಿಲ್ಲದ್ದು ಹರಡಿದಷ್ಟು ಬೇಗ ಬೇರೆ ಯಾವುದೂ ಹರಡುವುದಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಕೊಡೆ, ಚಪ್ಪಲಿ ಮಾರುವ ಮೊಯಿದಿನಬ್ಬ ತಾಳಮದ್ದಳೆಯ ಹುಚ್ಚ. ಹೆಸರು ಗುಟ್ಟಾಗಿಟ್ಟಿದ್ದಾರೆ ಎಂದ ಮೇಲೆ ಬರುವವರು ಸಾಮಾನ್ಯರಲ್ಲ ಎಂದು ಅವನು ಪುತ್ತಿಗೆಗೆ ಹೋಗುವ ಬಸ್ಸಿನ ಕಂಡಕ್ಟರನಿಗೂ ಹೇಳಿ ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಇಡೀ ಪೇಟೆಯಲ್ಲಿ ಅದೇ ಮಾತು. ಸುಳ್ಳೆಂದು ಒಪ್ಪಿಕೊಳ್ಳೋಣ ಎಂದು ಸುಬ್ಬಪ್ಪ ಹೋಟೆಲಿಗೆ ಓಡಿದರೆ ಚಿನ್ನಯ್ಯ ಎದ್ದು ಬಂದು ಬೆನ್ನು ತಟ್ಟಿದ.

"ಹಿಮ್ಮೇಳದ ಚಿಂತೆ ಮಾಡಬೇಡಿ. ಸಿದ್ಧಕಟ್ಟೆಯಿಂದ ಭಾಗವತಿಕೆಗೆ ನಮ್ಮ ಭಾವನನ್ನು, ಜೊತೆಗೆ ಚೆಂಡೆ ಮದ್ದಳೆಯವರನ್ನು ನಾನೇ ಕರೆಸಿದ್ದೇನೆ. ನಿಮಗೆ ಒಬ್ಬರಿಗೇ ಎಷ್ಟು ಕೆಲಸ ಅಂತ!"

ಸುಬ್ಬಪ್ಪ ಬಾಯಿ ತೆರೆದ. ಚಿನ್ನಯ್ಯ ಅದರೊಳಗೆ ಇನ್ನೊಂದು ಗೋಳಿಬಜೆ ಇಟ್ಟ.

ಮೂರು ಗಂಟೆಗೆ ಸಭಾಭವನದಲ್ಲಿ ಸೂಜಿ ಹಾಕಲು ಜಾಗವಿರಲಿಲ್ಲ. ಸಾಹೇಬರು ಹಿಗ್ಗಿ ಹೀರೇಕಾಯಾದರು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಣ್ಣದ ಚಿತ್ರ ತೋರಿಸುತ್ತ ಭೂಮಿಯ ಜ್ವರದ ಬಗ್ಗೆ ಹೇಳಲು ಶುರುಮಾಡಿದ್ದೇ ತಡ, ಕರೆಂಟು ಹೋಯಿತು.

"ಪರವಾಗಿಲ್ಲ, ನೀವೇ ಹೇಳಿ. ನಿಮ್ಮೂರಿಗೆ ಏನು ಬೇಕು?" ಎಂದರು ಸಾಹೇಬರು.

ಯಾರೂ ಉಸಿರೆತ್ತಲಿಲ್ಲ. ಮನೆಯಲ್ಲಿ ತುಳುವಿನಲ್ಲಿ, ಬ್ಯಾರಿಯಲ್ಲಿ ಅರಳು ಹುರಿದ ಹಾಗೆ ಮಾತಾಡುವ ಜನ ಸರಕಾರದ ಮುಂದೆ ಕನ್ನಡದಲ್ಲಿ ಬಾಯಿ ಬಿಡಬೇಕೆಂದರೆ ಶಾಲೆಯ ಹಿಂದಿನ ಬೆಂಚಿನವರಾಗುತ್ತಾರೆ. ಕೊನೆಗೆ ಚಿನ್ನಯ್ಯ ಎದ್ದು, ತಡವರಿಸುತ್ತ, "ತಾವು ಹೇಳಿದ್ದು ಸರಿ ಉಂಟು," ಎಂದು ಕೂತ. ಸಾಹೇಬರ ಮುಖ ಬಾಡಿತು. ಅದರ ಜೊತೆಗೆ ಬಂಟ್ವಾಳದ ದಾರಿಯೂ ಮುಚ್ಚುತ್ತಿರುವುದು ಸುಬ್ಬಪ್ಪನಿಗೆ ಕಂಡಿತು.

"ಸಭೆ ಆಯ್ತಲ್ಲ, ಇನ್ನು ಅರ್ಥಧಾರಿಗಳನ್ನು ಕರೀರಿ!" ಎಂದು ಹಿಂದಿನಿಂದ ಮೊಯಿದಿನಬ್ಬ ಕೂಗಿದ. ಚೆಂಡೆಯೂ ಒಮ್ಮೆ ಗುಡುಗಿತು. ಇನ್ನು ಓಡುವುದಕ್ಕೆ ಬಾಗಿಲೂ ಇರಲಿಲ್ಲ, ಅಲ್ಲಿಯೂ ಜನ ನಿಂತಿದ್ದರು. ಸುಬ್ಬಪ್ಪ ಕಣ್ಣುಮುಚ್ಚಿ ಮೈಕಿಲ್ಲದೆಯೇ ಕೂಗಿದ.

"ಇವತ್ತಿನ ಅರ್ಥಧಾರಿಗಳು ನೀವೇ! ಹೊಸ ಪ್ರಸಂಗ. ಒಂದು ಕಡೆ ಮಳೆ, ಇನ್ನೊಂದು ಕಡೆ ನಮ್ಮ ಪೇಟೆ. ಯಾರು ಬರ್ತೀರಿ?"

ಹೊಡೆತ ಬೀಳುತ್ತದೆಂದು ತಲೆ ತಗ್ಗಿಸಿದವನಿಗೆ ಕುರ್ಚಿ ಎಳೆದ ಸದ್ದು ಕೇಳಿತು. ಚಿನ್ನಯ್ಯ ಆಗಲೇ ವೇದಿಕೆಯ ಮೇಲಿದ್ದ, ಹೆಗಲಿಗೆ ಶಾಲು ಬೇರೆ. ಜೀವಮಾನವೆಲ್ಲ ಕೇಳುತ್ತ ಕೂತವನಿಗೆ ಒಂದು ಅವಕಾಶ ಸಿಕ್ಕಿತ್ತು. ಮೊಯಿದಿನಬ್ಬ ಎದುರು ಕುರ್ಚಿ ಹಿಡಿದ. ಭಾಗವತರು ಆಗಿಂದಾಗಲೇ ಒಂದು ಪದ ಕಟ್ಟಿ ಹಾಡಿದರು.

"ಎಲೈ ಪೇಟೆಯೇ," ಎಂದು ಶುರುಮಾಡಿದ ಮಳೆಯಾದ ಚಿನ್ನಯ್ಯ. ಈಗಷ್ಟೇ ತಡವರಿಸಿದ ಅದೇ ನಾಲಗೆ ಈಗ ಹೊಳೆಯ ಹಾಗೆ ಹರಿಯಿತು. "ಆಷಾಢದಲ್ಲಿ ಮೆಲ್ಲನೆ ಬಂದು ದೀಪಾವಳಿಯವರೆಗೆ ನಿನ್ನ ಅಂಗಳದಲ್ಲಿ ಇರುತ್ತಿದ್ದವನು ನಾನು. ಈಗ ಬಂದ ದಿನವೇ ಕಡಲಿಗೆ ಓಡುವಂತೆ ಮಾಡಿದವರು ಯಾರು?"

"ಬಂದವನು ನಿಲ್ಲದೆ ಓಡಿದರೆ ತಪ್ಪು ನನ್ನದೇ? ಹೋಗುವಾಗ ನನ್ನ ಅಂಗಡಿಯ ಚಪ್ಪಲಿಗಳನ್ನೂ ತೇಲಿಸಿಕೊಂಡು ಹೋದೆಯಲ್ಲ, ಕಳ್ಳ!" ಎಂದ ಪೇಟೆಯಾದ ಮೊಯಿದಿನಬ್ಬ.

"ನಿಲ್ಲುವುದೆಲ್ಲಿ? ನಾನು ಹರಿಯುವ ತೋಡಿನ ಮೇಲೆ ಚಪ್ಪಡಿ ಹಾಸಿ ಅಂಗಡಿಯ ಮೆಟ್ಟಿಲು ಕಟ್ಟಿದವನು ಯಾರು?"

ಆ ಮೆಟ್ಟಿಲು ಮೊಯಿದಿನಬ್ಬನದೇ. ಆದರೆ ತಾಳಮದ್ದಳೆಯಲ್ಲಿ ಸುಮ್ಮನಿರುವುದು ಸೋಲಿಗಿಂತ ಕೀಳು. "ಕಟ್ಟಿದವನು ನಾನೇ. ಕೆಡವುತ್ತೇನೆ. ಆದರೆ ಕೆರೆಯ ದಂಡೆಗೆ ನಿನ್ನ ಹೋಟೆಲಿನ ಕಸ ಸುರಿಯುವುದನ್ನು ನೀನು ಮೊದಲು ನಿಲ್ಲಿಸು!"

ಮಳೆಗೆ ಹೋಟೆಲು ಎಲ್ಲಿಯದು ಎಂದು ಯಾರೂ ಕೇಳಲಿಲ್ಲ. ಸಭೆ ಶಿಳ್ಳೆ ಹೊಡೆಯಿತು. ಸಾಹೇಬರು ಕುರ್ಚಿಯ ತುದಿಗೆ ಜರುಗಿ ಬರೆದುಕೊಳ್ಳುತ್ತಿದ್ದರು.

ಆಗ ಹೆಂಗಸರ ಕಡೆಯಿಂದ ಪುತ್ತಿಗೆಯ ಬೀಯಮ್ಮ ಎದ್ದು ನಿಂತಳು. "ನನಗೆ ಇವರ ಹಾಗೆ ಅರ್ಥ ಹೇಳಲಿಕ್ಕೆ ಬರುದಿಲ್ಲ. ನಾನು ಬಾವಿ. ಮಾರ್ಚಿ ತಿಂಗಳು ಬಂದ್ರೆ ನನ್ನ ಹತ್ರ ಯಾರೂ ಬರುದಿಲ್ಲ. ಬಂದವಳೂ ಬಗ್ಗಿ ನೋಡಿ, ಬರೀ ಕೊಡ ಹಿಡ್ಕೊಂಡು ಹೋಗ್ತಾಳೆ. ಮನೆ ಮಾಡಿನಿಂದ ಇಳಿಯುವ ಮಳೆನೀರು ಮಾರ್ಗಕ್ಕೆ ಬಿಡ್ತೀರಲ್ಲ, ಅದನ್ನು ನನಗೆ ಬಿಡಿ. ಅಷ್ಟೇ ನನ್ನ ಪ್ರಸಂಗ."

ಭಾಗವತರು ತಾಳ ಕೆಳಗಿಟ್ಟರು. ಸುಬ್ಬಪ್ಪ ಇಷ್ಟು ವರ್ಷ ಇದೇ ಊರಿನಲ್ಲಿ ಕೂತು ನೀರಿನ ಅರ್ಜಿಗಳಿಗೆ ಮೊಹರು ಒತ್ತಿದ್ದ, ಒಂದು ಬಾವಿಗೂ ಬಗ್ಗಿ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ಅಧಿಕಾರಿಯ ಪಾತ್ರ ಒಂದು ಬಾಕಿ ಉಂಟು. ಸುಬ್ಬಪ್ಪಣ್ಣ, ನೀವೇ ಬನ್ನಿ," ಎಂದು ಜನ ಅವನನ್ನು ವೇದಿಕೆಗೆ ದೂಡಿದರು. ಮಳೆ ತಿರುಗಿ ಕೇಳಿತು: "ಇವರ ಮಾತೆಲ್ಲ ಕೇಳಿಸಿಕೊಂಡು ನಾಳೆ ನೀನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ?"

ಸುಬ್ಬಪ್ಪನ ಒಳಗಿನಿಂದ ಅವನೇ ಅರಿಯದ ಒಂದು ಧ್ವನಿ ಬಂತು. "ಊರಿಗೆ ಊರೇ ಕೂತು ಒಂದೇ ಮನಸ್ಸಿನಿಂದ ಹೇಳಿದ ಮಾತನ್ನು ಮೀರುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲ! ಹಾಗೆ ಮೀರಿದವನು ಆ ಕುರ್ಚಿ ಬಿಟ್ಟು ಏಳಲಿ!"

ಚೆಂಡೆ ಮೊಳಗಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಸಾಹೇಬರು. ತೋಡು ಬಿಡಿಸುವುದು, ಕೆರೆಯ ದಂಡೆ ಕಾಯುವುದು, ಮಾಡಿನ ನೀರು ಬಾವಿಗೆ ಇಳಿಸುವುದು, ಎಲ್ಲವೂ ಅಲ್ಲಿಯೇ ಊರಿನ ಯೋಜನೆಯಾಯಿತು. "ಸುಬ್ಬಪ್ಪನವರ ಮಾತೇ ಇದರ ಮೊದಲನೇ ನಿಯಮ," ಎಂದ ಸಾಹೇಬರು ಜೇಬಿನಿಂದ ಒಂದು ಲಕೋಟೆ ತೆಗೆದರು. "ಮತ್ತೆ ಒಂದು ಸಂತೋಷದ ಸುದ್ದಿ. ಸೋಮವಾರದಿಂದ ಇವರನ್ನ ಬಂಟ್ವಾಳಕ್ಕೆ ಕಳಿಸ್ತಾ ಇದ್ದೀನಿ!"

ಸುಬ್ಬಪ್ಪನಿಗೆ ನರಿಕೊಂಬಿನ ಮನೆಯ ಜಗಲಿ ಕಣ್ಣೆದುರು ಬಂತು. ಲಕೋಟೆಗೆ ಕೈ ಚಾಚಿದ.

ಚಿನ್ನಯ್ಯ ಮಳೆಯ ಶಾಲು ತೆಗೆಯದೆ ಎದ್ದು ನಿಂತ. "ಒಂದು ಸೂಚನೆ ಉಂಟು ಸಾಹೇಬ್ರೆ. ಇವರು ಹೋದ್ರೆ ತೋಡು ಬಿಡಿಸುದು ಯಾರು? ನಾಳೆ ನಾವು ಇದೆಲ್ಲ ಮರೀತೇವೆ, ನಮ್ಮ ಬುದ್ಧಿ ನಮಗೆ ಗೊತ್ತುಂಟು. ಬಾವಿಯಲ್ಲಿ ನೀರು ನಿಲ್ಲುವವರೆಗೆ ಸುಬ್ಬಪ್ಪಣ್ಣ ಇಲ್ಲೇ ಇರಬೇಕು. ಒಪ್ಪಿಗೆ ಇದ್ದವರು ಕೈ ಎತ್ತಿ!"

ಮೊಯಿದಿನಬ್ಬ ಎರಡೂ ಕೈ ಎತ್ತಿದ. ಬೀಯಮ್ಮ ಎತ್ತಿದಳು. ಭಾಗವತರಿಗೆ ಈ ಊರಿನ ಹಂಗಿಲ್ಲ, ಆದರೂ ಎತ್ತಿದರು. ಇಷ್ಟು ಪ್ರೀತಿಯಿಂದ ತನಗೆ ಯಾರೂ ಇಷ್ಟು ದೊಡ್ಡ ಅನ್ಯಾಯ ಮಾಡಿರಲಿಲ್ಲ ಎನಿಸಿ ಸುಬ್ಬಪ್ಪನಿಗೆ ಅಳು ಬಂದಂತಾಯಿತು.

ಎತ್ತಿದ ಕೈಗಳನ್ನೆಲ್ಲ ಸಾಹೇಬರು ನೋಡಿದರು. ಲಕೋಟೆ ನೋಡಿದರು. ಆಮೇಲೆ ಕುರ್ಚಿಯ ಎರಡೂ ಹಿಡಿಗಳ ಮೇಲೆ ಕೈಯೂರಿ ಸುಬ್ಬಪ್ಪನ ಕಡೆ ತಿರುಗಿದರು.

"ಮೊದಲನೇ ನಿಯಮ ನಿಮ್ಮದೇ. ಈಗ ನೀವೇ ಹೇಳಿ ಸುಬ್ಬಪ್ಪ. ನಾನು ಏಳ್ಲಾ?"

ಸುಬ್ಬಪ್ಪ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.

"ಬೇಡ ಸಾರ್," ಎಂದ, "ಕೂತುಕೊಳ್ಳಿ."