ಬಚ್ಚಲಿನ ಸರದಿಗೊಂದು ಎಂ.ಎ.

ಗಂಡ: (ಬಚ್ಚಲಿನ ಒಳಗಿನಿಂದ) ಬರಲ್ಲ ಅಂದ್ರೆ ಬರಲ್ಲ!

ಹೆಂಡತಿ: ಕೈ ಮುಗೀತೀನಿ, ಹೊರಗೆ ಬನ್ರೀ! ಇನ್ನೇನು ನಮ್ಮ ಮೇಡಂ ಬಂದುಬಿಡ್ತಾರೆ.

ಗಂಡ: ಬರಲಿ. ಜನರ ಕಷ್ಟ ಅವರೂ ನೋಡಲಿ.

ಹೆಂಡತಿ: ಯಾವ ಜನ?

ಗಂಡ: ನಾನೇ ಜನ!

ಬಾಗಿಲಿಗೆ ಹಣೆ ಆನಿಸಿ ನಿಂತಿದ್ದ ಹೆಂಡತಿಗೆ ಅಳಬೇಕೋ, ಬಾಗಿಲು ಒಡೆಯಬೇಕೋ ತಿಳಿಯಲಿಲ್ಲ. ಹಗಲೆಲ್ಲ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ, ಸಂಜೆ ಸಾರ್ವಜನಿಕ ನೀತಿಯ ಎಂ.ಎ. ವಿದ್ಯಾರ್ಥಿನಿ, ಪಾಪ. ಕೊನೆಯ ಪರೀಕ್ಷೆಯೋ ವಿಚಿತ್ರ! ನಿಜವಾದ ಜನರ ನಡುವೆ ಒಂದು ಪುಟ್ಟ ನೀತಿ ಜಾರಿಗೆ ತರಬೇಕು, ಅದು ನಡೆಯುವುದನ್ನು ಮೇಡಂ ಕಣ್ಣಾರೆ ನೋಡಬೇಕು. ಹೋದ ಸಲ ಕಚೇರಿಯ ಚಹಾ ವಿರಾಮಕ್ಕೆ ನೀತಿ ಮಾಡಲು ಹೋಗಿ, ಕಚೇರಿಗೆ ಕಚೇರಿಯೇ ತಿರುಗಿಬಿದ್ದು, ಫೇಲಾಗಿದ್ದಳು. ಈ ಸಲವೂ ಕೈಕೊಟ್ಟರೆ ಇಷ್ಟು ದಿನದ ಓದೆಲ್ಲ ನೀರುಪಾಲು. ಅದಕ್ಕೇ ಸ್ನಾನಕ್ಕೂ ಶೌಚಕ್ಕೂ ಮನೆಗಿದ್ದ ಒಂದೇ ಒಂದು ಬಚ್ಚಲಿಗೆ ಸರದಿಯ ನೀತಿ ಮಾಡಿದ್ದಳು. ಬೆಳಿಗ್ಗೆ ಮೊದಲು ಅತ್ತೆ, ಆಮೇಲೆ ತಾನು, ಅದರ ನಂತರ ಗಂಡ, ಮನೆಗೆ ಬಂದವರಿದ್ದರೆ ಅವರು ಎಲ್ಲರಿಗಿಂತ ಕೊನೆ. ಆದರೆ ಬೀದಿ ಕೊನೆಯಲ್ಲಿ ಬೀಗದ ಅಂಗಡಿ ಇಟ್ಟಿದ್ದ ಗಂಡ ಇವತ್ತೇ ಸರದಿ ತಪ್ಪಿಸಿ ಮೊದಲು ನುಗ್ಗಿದ್ದ.

ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದ ಅತ್ತೆಗೆ ಮಾತ್ರ ಪುಕ್ಕಟೆ ನಾಟಕ.

ಅತ್ತೆ: ಬಚ್ಚಲಿಗೆ ಹೋಗೋಕೂ ಎಂ.ಎ. ಬೇಕೇನೇ? ನಾನು ಯಾವ ಕಾಲೇಜಿನ ಮುಖನೂ ನೋಡ್ದೆ ಇಷ್ಟು ವರ್ಷ ಹೋಗಿ ಬಂದೆ.

ಹೆಂಡತಿ: ನೀವು ಒಂದು ದಿನವಾದ್ರೂ ಸರದಿ ಪ್ರಕಾರ ಹೋದ್ರಾ ಅತ್ತೆ?

ಅತ್ತೆ: ಬಂದಾಗ ಹೋಗ್ತೀನಮ್ಮ. ಹೊಟ್ಟೆಗೆ ನಿನ್ನ ನೀತಿ ಓದೋಕೆ ಬರುತ್ತಾ?

ಹೆಂಡತಿ: (ಬಾಗಿಲಿಗೆ) ರೀ, ನಿಮ್ಮ ತಕರಾರೇನು, ಅದನ್ನಾದ್ರೂ ಹೇಳಿ!

ಒಳಗೆ ಕಟಕಟ ಸದ್ದಾಯಿತು. ಗಂಡ ಉಸ್ಸೆಂದ.

ಗಂಡ: ಯಾರನ್ನ ಕೇಳಿ ನನ್ನ ಹಿಂದಕ್ಕೆ ತಳ್ಳಿದೆ? ಅಮ್ಮನ್ನ ಕೇಳ್ದೆ. ಪಕ್ಕದ ಮನೆಯವರನ್ನ ಕೇಳ್ದೆ. ನಲ್ಲಿ ರಿಪೇರಿಗೆ ಬಂದವನನ್ನೂ ಕೂರಿಸಿ ಕೇಳ್ದೆ! ನನ್ನ ಕೇಳಿದ್ಯಾ?

ಹೆಂಡತಿ: ನೀವು ಹೇಗೂ ಹೂಂ ಅಂತೀರಲ್ಲ ಅಂತ...

ಗಂಡ: ಮದುವೆ ಆದಾಗಿಂದ ಹೂಂ ಅಂದಿದ್ದೇ ತಪ್ಪಾಯ್ತು ನೋಡು!

ಹೆಂಡತಿಗೆ ಚುರುಕ್ ಎಂದಿತು. ಸಾರ್ವಜನಿಕರ ಅಭಿಪ್ರಾಯ ಅಂತ ಪುಟಗಟ್ಟಲೆ ಬರೆದವಳು ಸ್ವಂತ ಗಂಡನನ್ನೇ ಕೇಳಿರಲಿಲ್ಲ.

ಹೆಂಡತಿ: ತಪ್ಪು ನಂದೇ. ಈಗ ಏನು ಬೇಕು, ಹೇಳಿ.

ಗಂಡ: ಮೊದಲನೇ ಬೇಡಿಕೆ. ನನ್ನ ಸಣ್ಣ ಸ್ಕ್ರೂಡ್ರೈವರ್ ಬಾಗಿಲ ಕೆಳಗಿಂದ ತೂರಿಸು.

ಹೆಂಡತಿ: ಪ್ರತಿಭಟನೆಗೆ ಸ್ಕ್ರೂಡ್ರೈವರ್ ಯಾಕ್ರೀ?

ಗಂಡ: ಅದು... ದುಡಿಯೋ ವರ್ಗದ ಸಂಕೇತ!

ಅತ್ತೆ: ಅಯ್ಯೋ, ಕೊಡಬೇಡ ಕಣೇ! ನಲ್ಲಿ ಬಿಚ್ಚಿ ಮನೆಗೆಲ್ಲ ನೀರು ನುಗ್ಗಿಸ್ತಾನೆ!

ಗಂಡ: ಅಮ್ಮಾ, ನೀನು ನನ್ನ ಕಡೆಯೋ, ಅವಳ ಕಡೆಯೋ?

ಅತ್ತೆ: ನಾನು ಬಚ್ಚಲಿನ ಕಡೆ. ಬೇಗ ಬಾರೋ!

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಮೇಡಂ ಬಂದೇಬಿಟ್ಟರು. ದಪ್ಪ ಕನ್ನಡಕ, ಭಾರದ ಚೀಲ, ನಿಂತಲ್ಲಿ ನಿಲ್ಲದ ಕಾಲು. ಇವರಿಗೆ ಆಗಲೇ ತಾಳ್ಮೆ ಕೆಟ್ಟಿದೆ ಎಂದುಕೊಂಡಳು ಹೆಂಡತಿ.

ಮೇಡಂ: ಎಲ್ಲಿ ನಿಮ್ಮ ನೀತಿ? ಬೇಗ ತೋರಿಸಿ.

ಹೆಂಡತಿ: ಒಳಗಿದೆ ಮೇಡಂ. ಚಿಲಕ ಹಾಕ್ಕೊಂಡಿದೆ.

ಮೇಡಂ: (ಬಾಗಿಲು ತಟ್ಟಿ) ಫಲಾನುಭವಿಗಳೇ, ನಿಮ್ಮ ಅನುಭವ ಹೇಳಿ. ಚುಟುಕಾಗಿ.

ಗಂಡ: ತುಂಬ ಇಕ್ಕಟ್ಟು ಮೇಡಂ.

ಮೇಡಂ: ಆಡಳಿತದ ಮೇಲೆ ಕೋಪ ಇದೆಯಾ?

ಗಂಡ: ಛೆ ಛೆ, ಆಡಳಿತ ಒಳ್ಳೆಯವಳು. ಕಷ್ಟಪಟ್ಟು ಓದ್ತಾಳೆ.

ಹೆಂಡತಿ ಬಾಗಿಲನ್ನೇ ಮೆಲ್ಲಗೆ ಸವರಿದಳು. ಇಂಥವನನ್ನು ಕೇಳದೆ ಹೋದೆನಲ್ಲ!

ಹೆಂಡತಿ: ರೀ, ನೀತಿ ತಿದ್ದಿದೀನಿ! ಅತ್ತೆ ಆದ್ಮೇಲೆ ನೀವು, ಆಮೇಲೆ ನಾನು. ಒಪ್ಪಿಗೇನಾ?

ಗಂಡ: ಒಪ್ಪಿದೆ!

ಹೆಂಡತಿ: ಬನ್ನಿ ಮತ್ತೆ.

ಒಳಗಿನಿಂದ ಮತ್ತೆ ಕಟಕಟ ಸದ್ದು.

ಹೆಂಡತಿ: ರೀ?

ಗಂಡ: (ಮೆಲ್ಲಗೆ) ಬರೋಕಾಗ್ತಿಲ್ಲ ಕಣೇ. ಚಿಲಕ ಸಿಕ್ಕೊಂಡಿದೆ.

ಹೆಂಡತಿ: ಯಾವಾಗಿಂದ?

ಗಂಡ: ಒಳಗೆ ಬಂದಾಗಿಂದ.

ಅತ್ತೆ: ಹಾಗಾದ್ರೆ ಪ್ರತಿಭಟನೆ?

ಗಂಡ: ಬೀಗದ ಅಂಗಡಿಯವನು ಬಚ್ಚಲಲ್ಲಿ ಸಿಕ್ಕಿಬಿದ್ದ ಅಂತ ಕೂಗೋಕಾಗುತ್ತೇನಮ್ಮಾ? ಮಾನ ಹೋಗಲ್ವಾ?

ಹೆಂಡತಿ ಓಡಿಹೋಗಿ ದುಡಿಯುವ ವರ್ಗದ ಸಂಕೇತವನ್ನು ತಂದು ಬಾಗಿಲ ಕೆಳಗೆ ತೂರಿಸಿದಳು. ಕಟಕಟ, ಕಿರ್ ಎಂದು ಬಾಗಿಲು ತೆರೆಯಿತು. ಬೆವರಿ ಒದ್ದೆಯಾಗಿದ್ದ ಗಂಡ ಹೊರಬಂದದ್ದೇ ತಡ, ಮೇಡಂ ಚೀಲ ಎಸೆದು ಬಚ್ಚಲಿನತ್ತ ನುಗ್ಗಿದರು.

ಹೆಂಡತಿ: ಮೇಡಂ, ನನ್ನ ಮಾರ್ಕ್ಸು?

ಮೇಡಂ: ಎಲ್ಲ ಆಮೇಲೆ! ಬಸ್ಸು ಹತ್ತಿದಾಗಿಂದ ತಡ್ಕೊಂಡಿದೀನಿ, ದಾರಿ ಬಿಡಿ!

ಆದರೆ ಬಾಗಿಲಿಗೆ ಅಡ್ಡವಾಗಿ ಟವೆಲ್ ಸಮೇತ ಅತ್ತೆ ನಿಂತಿದ್ದರು.

ಅತ್ತೆ: ನಿಲ್ಲಿ ಮೇಡಂ. ಮೊದಲು ನಾನು. ಬಂದವರು ಕೊನೆಗೆ.

ಮೇಡಂ: ಅಮ್ಮಾ, ಅರ್ಜೆಂಟು!

ಅತ್ತೆ: ನನ್ನ ಸೊಸೆ ನಿದ್ದೆಗೆಟ್ಟು ಓದಿ ಮಾಡಿರೋ ನೀತಿ ಇದು. ನೀವು ದೊಡ್ಡವರು ಅಂತ ಮುರಿಯೋಕಾಗುತ್ತಾ?

ಹೆಂಡತಿ ಬಾಯಿ ತೆರೆದುಕೊಂಡು ನಿಂತಳು. ಕಣ್ಣು ತುಂಬಿ ಬಂತು, ಜೊತೆಗೆ ನಗುವೂ ಉಕ್ಕಿತು.

ಮೇಡಂ: (ಕುಣಿಯುತ್ತ) ನಡೀತಿದೆ, ನೀತಿ ನಡೀತಿದೆ! ಇವಳು ಪಾಸು! ಈಗಲಾದ್ರೂ ಬಿಡಿ!

ಗಂಡ: ಅಮ್ಮಾ, ಚಿಲಕ ಮಾತ್ರ ಹಾಕ್ಬೇಡ!

ಅತ್ತೆ: (ಒಳಗೆ ಹೋಗಿ, ಬಾಗಿಲು ಮುಂದಕ್ಕೆಳೆದುಕೊಳ್ಳುತ್ತ, ಮೇಡಂಗೆ) ಬರೀ ಪಾಸಾದ್ರೆ ನಿಧಾನಕ್ಕೆ ಬರ್ತೀನಿ. ಫಸ್ಟ್ ಕ್ಲಾಸ್ ಆದ್ರೆ ಈಗ್ಲೇ ಬಂದೆ.