ಇಲ್ಲವೆಂದು ತೀರ್ಪಾದ ಹರಳಿನ ಪರವಾಗಿ

ಮಾನ್ಯ ಡೇಟಾಬೇಸ್ ಮಹೋದಯರೇ,

ಜಗತ್ತಿನ ಲೋಹ, ಲವಣ, ಕಲ್ಲುಗಳ ಹರಳಿನೊಳಗೆ ಯಾವ ಪರಮಾಣು ಯಾರ ಪಕ್ಕ ಕುಳಿತಿದೆ ಎಂಬುದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು, ಹೊಸ ವಸ್ತು ಹುಡುಕುವ ವಿಜ್ಞಾನಿಗಳಿಗೆ ದಾರಿ ತೋರುತ್ತಿರುವ ತಮಗೆ, ಅಕ್ಕಿಆಲೂರಿನ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಪ್ರನಾಳ ತೊಳೆದು ನಿವೃತ್ತನಾದ ಗುತ್ತೆಪ್ಪನು ನಿಂತೇ ಕೈಮುಗಿಯುತ್ತಾನೆ. ತಾವು ಕೂತಿದ್ದೀರೋ ನಿಂತಿದ್ದೀರೋ ತಿಳಿಯದ್ದರಿಂದ ಹೀಗೆ.

ಮಾನ್ಯರೇ, ನಮ್ಮ ಪಕ್ಕದ ಮನೆಯ ಅಡಿವೆವ್ವ ಹಪ್ಪಳ ಮಾಡಿ ಸಂತೆಯಲ್ಲಿ ಮಾರುವವರು. ಹಿಟ್ಟಿಗೆ ಹಾಕುವ ಪಾಪಡಖಾರವೆಂಬ ಉಪ್ಪಿನ ಭರಣಿಯಲ್ಲಿ ಹೋದ ಮಳೆಗಾಲ ತಾಮ್ರದ ಚಮಚವೊಂದನ್ನು ಮರೆತುಬಿಟ್ಟರು. ನಾಲ್ಕು ತಿಂಗಳ ಮೇಲೆ ಮುಚ್ಚಳ ತೆಗೆದರೆ ಚಮಚದ ತುಂಬ ನವಿಲಿನ ಕತ್ತಿನ ಬಣ್ಣದ ಹರಳುಗಳು. "ವಿಷ ಆಗೇತೇನ್ ನೋಡ್ರಿ ಗುತ್ತೆಪ್ಪಣ್ಣ" ಎಂದು ನನ್ನ ಕೈಗಿಟ್ಟರು. ಅದರ ಒಂದು ಚೂರನ್ನು ಧಾರವಾಡದ ಪ್ರಯೋಗಾಲಯದ ಜಯಶ್ರೀ ಮೇಡಂ ಅವರಿಗೆ ಒಯ್ದುಕೊಟ್ಟೆ. ಅವರು ಪುಡಿ ಮಾಡಿ, ಕ್ಷ-ಕಿರಣ ಹಾಯಿಸಿ, ಇಂಥ ಜೋಡಣೆಯನ್ನು ಎಲ್ಲೂ ಕಂಡಿಲ್ಲವೆಂದು ಬೆರಗಾಗಿ, ತಮ್ಮ ಸನ್ನಿಧಿಗೆ ಅರ್ಜಿ ಹಾಕಲು ಹೇಳಿದರು. ಹಾಜರಿ ಪುಸ್ತಕ ಬಿಟ್ಟು ಎಲ್ಲೂ ಹೆಸರು ಬರೆಯದ ನಾನು ಹದಿನಾಲ್ಕು ಪುಟದ ಅರ್ಜಿ ತುಂಬಿದೆ. ವಸ್ತುವಿನ ಹೆಸರು: ಅಡಿವೆವ್ವೈಟ್.

ಮೂರೇ ನಿಮಿಷದಲ್ಲಿ ತಮ್ಮ ಉತ್ತರ ಬಂತು. ಲೆಕ್ಕದ ಪ್ರಕಾರ ಈ ವಸ್ತು ಅಸ್ಥಿರ, ಇರಲು ಸಾಧ್ಯವಿಲ್ಲ, ಅರ್ಜಿ ತಿರಸ್ಕೃತ. ಎಂಥ ಚುರುಕು! ಯಾರೂ ಇನ್ನೂ ತಯಾರಿಸದ ಲಕ್ಷಾಂತರ ಹರಳುಗಳಿಗೆ ಊಹೆಯ ಮೇಲೆಯೇ ಜಾಗ ಕೊಟ್ಟ ತಮ್ಮ ಔದಾರ್ಯವು ಅಂಗೈ ಮೇಲಿದ್ದ ಒಂದಕ್ಕೆ ಮಾತ್ರ ಸಾಲದೆ ಹೋಯಿತು. ಅಡಿವೆವ್ವನವರಿಗೆ ಓದಿ ಹೇಳಿದೆ. "ಇಲ್ಲ ಅಂದ್ರ ಇದೇನ್ರಿ ಮತ್ತ? ನನ್ನ ಹೆಸರಿಟ್ಟಿದ್ದಕ್ಕ ಬ್ಯಾಡ ಅಂದ್ರೇನು?" ಎಂದು ಕೇಳಿ, ಚಮಚ ಇಸಿದುಕೊಂಡು ಒಳಗೆ ಹೋದರು. ನನಗೆ ಆ ದಿನ ಊಟ ಸೇರಲಿಲ್ಲ.

ಏಳು ಮೇಲ್ಮನವಿ ಹಾಕಿದೆ. ಏಳನೆಯದಕ್ಕೆ, ಹರಳು ಜೀವಂತವಿದೆಯೆಂದು ಹಾನಗಲ್ಲಿನ ನೋಟರಿಯೊಬ್ಬರ ಮುದ್ರೆಯನ್ನೂ ಲಗತ್ತಿಸಿದೆ. ಮೊನ್ನೆ ಸೋಮವಾರ ತಮ್ಮ ಮನಸ್ಸು ಕರಗಿತು: 'ಅಡಿವೆವ್ವೈಟ್. ಸ್ಥಿರ. ಅಸ್ತಿತ್ವ ದೃಢಪಟ್ಟಿದೆ.'

ಚಪ್ಪಲಿ ಮೆಟ್ಟದೆ ಓಡಿದೆ. ಅಡಿವೆವ್ವ ಹಿತ್ತಲಲ್ಲಿ, ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದ ಚಮಚವನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು.

"ಅದು ಇಲ್ಲಂತ ನೀವ ಓದಿ ಹೇಳಿದ್ರಲ್ಲ, ತಿಕ್ಕಿಬಿಟ್ಟೆ ನೋಡ್ರಿ" ಎಂದರು. ಆಮೇಲೆ ನನ್ನ ಮೊಬೈಲಿನಲ್ಲಿ ಬಂದಿದ್ದ 'ಅಡಿವೆವ್ವೈಟ್' ಎಂಬುದನ್ನು ಎರಡು ಸಲ ಓದಿಸಿಕೊಂಡು, ಸೆರಗು ಬಾಯಿಗಿಟ್ಟು ನಕ್ಕರು.

ಆದಕಾರಣ ಮಾನ್ಯರೇ, ಇದ್ದಾಗ ಇಲ್ಲವಾಗಿ, ಇಲ್ಲದಾಗ ಇರುವುದಾದ ಆ ಹರಳು ಈಗ ತಮ್ಮಲ್ಲಿ ಮಾತ್ರ ಇರುವುದರಿಂದ, ಅದರಲ್ಲಿ ಒಂದು ಚಮಚದಷ್ಟನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಗುತ್ತೆಪ್ಪ
ಅಕ್ಕಿಆಲೂರು

ವಿ.ಸೂ.: ತಮ್ಮ ಪ್ರತಿ ಪತ್ರದ ಕೆಳಗೂ 'ಇದಕ್ಕೆ ಉತ್ತರಿಸಬೇಡಿ' ಎಂದಿತ್ತು. ಆಜ್ಞೆ ಮೀರುವವನು ನಾನಲ್ಲ; ತಮಗೆ ಉತ್ತರಿಸದೆ, ಈ ಪತ್ರವನ್ನು ಇಡೀ ತಾಲ್ಲೂಕಿಗೆ ಓದಲು ಕೊಟ್ಟಿದ್ದೇನೆ.