ಅಧ್ಯಕ್ಷರು ಮಾತಾಡುವಂತಿಲ್ಲ

ಅತ್ತೆ ಸೊಸೆ ಇರುವ ಮನೆಗೆ ಒಬ್ಬ ಸಭಾಧ್ಯಕ್ಷರು ಬೇಕೇ ಬೇಕು ಎಂದು ನಾನು ಅನುಭವದಿಂದ ಹೇಳಬಲ್ಲೆ. ನಮ್ಮ ಯಜಮಾನರು ಗುಬ್ಬಿಯ ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ಮಕ್ಕಳಿಂದ ಅಣಕು ಪಾರ್ಲಿಮೆಂಟ್ ನಡೆಸುತ್ತಿದ್ದರು. ಅಲ್ಲಿಯ ನಿಯಮಗಳನ್ನು ಮನೆಗೂ ತಂದರು. ಒಬ್ಬರು ಎದ್ದು ಮಾತಾಡುವಾಗ ಇನ್ನೊಬ್ಬರು ಕೂತಿರಬೇಕು. ಎದುರಾಳಿಯನ್ನು ನೇರವಾಗಿ ಬೈಯುವಂತಿಲ್ಲ, ಏನಿದ್ದರೂ ಅಧ್ಯಕ್ಷರಿಗೆ ಹೇಳಬೇಕು. ಅತ್ತೆ ಬೇಗ ಕಲಿತರು. "ಅಧ್ಯಕ್ಷರೇ, ಇವತ್ತು ಸಾರಿಗೆ ಉಪ್ಪು ಯಾರು ಹಾಕವ್ರೆ, ವಸಿ ವಿಚಾರ್ಸಿ" ಎಂದು ಹೆತ್ತ ಮಗನನ್ನೇ ಕೇಳುತ್ತಿದ್ದರು. ಅಧ್ಯಕ್ಷರು ತಟ್ಟೆ ನೋಡುತ್ತ ಕೂತಿರುತ್ತಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ಯಜಮಾನರು ಹೋದರು. ಎದೆನೋವು ಎಂದವರು ತುಮಕೂರಿನ ಆಸ್ಪತ್ರೆ ಮುಟ್ಟಲಿಲ್ಲ. ಅದನ್ನು ಹೆಚ್ಚು ಬರೆಯಲಾರೆ. ಮೂರು ತಿಂಗಳು ನಾನೂ ಅತ್ತೆಯೂ ಜಗಳವನ್ನೇ ಆಡಲಿಲ್ಲ. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಆಮೇಲೆ ಅದೇ ಶಾಲೆಯ ಆಫೀಸಿನಲ್ಲಿ ನನಗೆ ಕೆಲಸ ಕೊಡುವ ಕಾಗದ ಬಂತು. ಅದರ ಹಿಂದೆಯೇ ಕುಣಿಗಲ್ಲಿನಿಂದ ಮೈದುನ ಬಂದ.

"ಕೆಲ್ಸಗಿಲ್ಸ ಏನೂ ಬ್ಯಾಡ ಅತ್ತಿಗೆ. ಮನೆ ಖಾಲಿ ಮಾಡಿ, ಇಬ್ರೂ ನಮ್ಮನೆಗೆ ಬಂದ್ಬುಡಿ."

ನಾನು ಬಾಯಿ ತೆರೆದಾಗಲೆಲ್ಲ ಅವನ ದನಿ ಏರುತ್ತಿತ್ತು. ಹೋಗಬಾರದೆಂದು ನಾನು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಸೀದಾ ಹೋಗಿ ಯಜಮಾನರ ಕುರ್ಚಿಯಲ್ಲಿ ಕೂತೆ. "ಈ ಮನೇಲಿ ಒಬ್ಬೊಬ್ರೇ ಮಾತಾಡೋದು. ಏನಿದ್ರೂ ಅಧ್ಯಕ್ಷರಿಗೆ ಹೇಳಪ್ಪ" ಎಂದೆ.

ಅಣ್ಣನ ಪಾಠ ಅವನೂ ಕೇಳಿದ್ದ. "ಹಂಗಾದ್ರೆ ನೀವು ಬಾಯಿ ಬಿಡಂಗಿಲ್ಲ. ಅಧ್ಯಕ್ಷರು ಯಾರ ಕಡೇನೂ ಮಾತಾಡಂಗಿಲ್ಲ, ಓಟೂ ಹಾಕಂಗಿಲ್ಲ" ಎಂದು ನಕ್ಕ. ನಿಯಮ ನಿಯಮವೇ. ಚರ್ಚೆಗೆ ಬಂದಿದ್ದು ನನ್ನ ಬದುಕು. ಮಾತಾಡುವ ಹಕ್ಕಿಲ್ಲದವಳು ನಾನೊಬ್ಬಳೇ.

ಮೈದುನ ಅರ್ಧ ಗಂಟೆ ಭಾಷಣ ಮಾಡಿದ. ಆಮೇಲೆ ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದರು. ನನ್ನ ಕಡೆ ತಿರುಗಿದರು.

"ಅಧ್ಯಕ್ಷರೇ, ಈಯಮ್ಮಂಗೆ ನೆಟ್ಟಗೆ ಅಡಿಗೆ ಬರಾಕಿಲ್ಲ, ಬಾಯಿ ಬೇರೆ ಜಾಸ್ತಿ. ಆದ್ರೆ ಓದವ್ಳೆ. ಕೆಲ್ಸಕ್ಕೆ ಹೋಗ್ಲಿ. ನಾನಂತೂ ಎಲ್ಲೂ ಬರಾಕಿಲ್ಲ."

ನನಗೆ ಸ್ವಲ್ಪ ಹೊತ್ತು ಸಭೆ ಕಾಣಿಸಲಿಲ್ಲ. ಕಣ್ಣೊರೆಸಿಕೊಂಡೆ.

"ಆ ಕಡೆ ಒಂದು, ಈ ಕಡೆ ಒಂದು. ಈಗೇನ್ ಮಾಡ್ತೀರಿ?" ಎಂದ ಮೈದುನ.

"ಸಮ ಬಂದಾಗ ಅಧ್ಯಕ್ಷರಿಗೂ ಒಂದು ಓಟು ಇದೆ ಕಣಪ್ಪ. ಆ ಪಾಠದ ದಿನ ನೀನು ಸ್ಕೂಲಿಗೆ ಚಕ್ಕರ್ ಹೊಡೆದಿದ್ದೆ ಅಂತ ಕಾಣುತ್ತೆ" ಎಂದು ಗುಬ್ಬಿಯ ಕಡೆ ನನ್ನ ಓಟು ಹಾಕಿದೆ.

ಮೈದುನ ಚಪ್ಪಲಿ ಮೆಟ್ಟಿ ಹೊಸ್ತಿಲಾಚೆ ನಿಂತು, "ಅವ್ವನ್ನಾದ್ರೂ ನನ್ ಜೊತೆ ಕಳ್ಸಿ" ಎಂದು ತಿದ್ದುಪಡಿ ತಂದ. ಮದುವೆಯಾದ ವರ್ಷದಿಂದ ಯಾರಾದರೂ ತರಲಿ ಎಂದು ನಾನು ಒಳಗೊಳಗೇ ಕಾದಿದ್ದ ತಿದ್ದುಪಡಿ ಅದು.

"ಸಭೆ ಮುಗೀತು" ಎಂದು ಬಾಗಿಲು ಹಾಕಿಕೊಂಡೆ.